ಹಂಗೇರಿ, ಟರ್ಕಿ ಬಗ್ಗೆ ಭಯ ಪಡುವ ನಾವು ನಮ್ಮ ಜಿಲ್ಲಾ ಪಂಚಾಯಿತಿ ಚುನಾವಣೆ ಬಗ್ಗೆ ಯಾಕೆ ಕೇಳುತ್ತಿಲ್ಲ?

ಆಲೂರಿನವ

ಎಲ್ಲರಿಗೂ ನಮಸ್ಕಾರ. ಕೆಲವು ದಿನದಿಂದ ನಮ್ಮ ಈ ಆನ್‌ಲೈನ್ ಗುಂಪಿನಲ್ಲಿ ಪ್ರಜಾಪ್ರಭುತ್ವ ಉಳಿಯುತ್ತಾ, ಹೋಗುತ್ತಾ ಅನ್ನೋ ಮಾತು ಜೋರಾಗಿ ನಡೆದಿದೆ. ಒಬ್ಬರು ಅಮೆರಿಕ ಅಂತಾರೆ, ಇನ್ನೊಬ್ಬರು ಹಂಗೇರಿ ಅಂತಾರೆ. ದೆಹಲಿ ಹೆಸರು ಬಂದರೆ ಎರಡು ಗುಂಪಾಗಿ ಜಗಳ. ನಾನೂ ಓದುತ್ತೇನೆ, ನನಗೂ ಭಯ ಇದೆ. ಆದರೆ ನಮ್ಮ ಕಾಲ ಬುಡದಲ್ಲೇ ನಡೆದಿರುವುದನ್ನು ಯಾರೂ ಎತ್ತುತ್ತಿಲ್ಲ.

ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ ನಾವು ಕೊನೆಯ ಸಲ ಓಟು ಹಾಕಿದ್ದು 2016ರ ಫೆಬ್ರವರಿಯಲ್ಲಿ. ಆ ಸದಸ್ಯರ ಅವಧಿ 2021ಕ್ಕೆ ಮುಗಿಯಿತು. 2025ರ ಕೊನೆಯವರೆಗೂ ಚುನಾವಣೆ ಇಲ್ಲ, ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯೇ. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಅಂತ ಸಂವಿಧಾನದ 243-ಇ ವಿಧಿ ಸ್ಪಷ್ಟವಾಗಿ ಹೇಳುತ್ತೆ. 2021ರಲ್ಲಿ ರಾಜ್ಯ ಚುನಾವಣಾ ಆಯೋಗ ಕ್ಷೇತ್ರ ವಿಂಗಡಣೆ ಮಾಡಿ ಮುಗಿಸಿತ್ತು. ಆಗಿನ ಬಿಜೆಪಿ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಆ ಕೆಲಸವನ್ನು ಆಯೋಗದ ಕೈಯಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟಿತು. ಎಲ್ಲ ಮತ್ತೆ ಮೊದಲಿಂದ. 2023ರಲ್ಲಿ ಕಾಂಗ್ರೆಸ್ ಬಂತು. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ ಅಂತ ಅದೇ ಮಾತು, ಅದೇ ಮುಂದೂಡಿಕೆ. ನಡುವೆ ಹೈಕೋರ್ಟ್ ಸರ್ಕಾರಕ್ಕೆ ದಂಡವನ್ನೂ ಹಾಕಿತು.

ನಮ್ಮೂರ ರಸ್ತೆಯಲ್ಲಿ ಒಂದು ಮೋರಿ ಇದೆ. ಮಳೆಗಾಲದಲ್ಲಿ ಪೈಪಿನ ಬಾಯಿಗೆ ಕಸ, ಕೊಂಬೆ ಸಿಕ್ಕಿಕೊಂಡು ನೀರು ರಸ್ತೆ ಮೇಲೆ ಹರಿಯುತ್ತೆ. ಈ ಸಲ ಒಂದು ಬದಿ ಕೊಚ್ಚಿ ಹೋಗಿ ಒಳಗಿನ ಜಲ್ಲಿ ಕಾಣುತ್ತಿದೆ. ಶಾಲೆ ವ್ಯಾನು ಆಚೆ ಬದಿಯಲ್ಲೇ ನಿಲ್ಲುತ್ತೆ. ಮಕ್ಕಳು ಶೂ ಕೈಯಲ್ಲಿ ಹಿಡಿದು ದಾಟಬೇಕು. ಗ್ರಾಮ ಪಂಚಾಯಿತಿಯಲ್ಲಿ ಕೇಳಿದರೆ "ಇದು ಜಿಲ್ಲಾ ಪಂಚಾಯಿತಿ ರಸ್ತೆ" ಅಂತಾರೆ. ಶಾಸಕರ ಕಡೆಯವರು "ಪಟ್ಟಿಯಲ್ಲಿ ಹಾಕಿದ್ದೇವೆ" ಅಂತಾರೆ. ಮೊದಲು ಹೋಬಳಿಯ ಜಿಲ್ಲಾ ಪಂಚಾಯಿತಿ ಸದಸ್ಯರನ್ನು ಸಂತೆ ದಿನ ಟೀ ಅಂಗಡಿಯಲ್ಲಿ ಹಿಡಿದು ನಿಲ್ಲಿಸಬಹುದಿತ್ತು. ಕೆಲಸ ಆಗುತ್ತಿತ್ತೋ ಇಲ್ಲವೋ, ಬೈಯುವುದಕ್ಕಾದರೂ ಒಬ್ಬ ಮನುಷ್ಯ ಇದ್ದ. ಈಗ ಆ ಜಾಗ ಖಾಲಿ.

ನನ್ನನ್ನು ಕಾಡುವುದು ಮೋರಿಗಿಂತ ಜಾಸ್ತಿ ಇನ್ನೊಂದು. ಇಷ್ಟು ವರ್ಷ ಒಂದು ಚುನಾವಣೆಯೇ ನಡೆದಿಲ್ಲ, ನಮಗೆ ಅದು ಇಲ್ಲ ಅಂತಲೂ ಅನ್ನಿಸಿಲ್ಲ. ಇದನ್ನು ಒಪ್ಪಿಕೊಂಡವರು ನಾಳೆ ಇನ್ನೇನನ್ನು ಒಪ್ಪಿಕೊಳ್ಳಲ್ಲ? ನಿಮ್ಮ ಅಭಿಪ್ರಾಯ ಹೇಳಿ. ಹೊರದೇಶದಲ್ಲಿ ಇರುವವರೂ ಬರೆಯಿರಿ.

ಚನ್ನರಾಯಪಟ್ಟಣ

ಚುನಾವಣೆ ತಡ ಆಗಿರೋದು ತಪ್ಪು, ಒಪ್ಪುತ್ತೇನೆ. ಆದರೆ ಇದನ್ನು ಸರ್ವಾಧಿಕಾರದ ಜೊತೆ ಸೇರಿಸುವುದು ಜಾಸ್ತಿ ಆಯ್ತು ಅಲ್ವಾ? ಸ್ವೀಡನ್ನಿನ ವಿ-ಡೆಮ್ ಸಂಸ್ಥೆಯವರು 2021ರ ವರದಿಯಲ್ಲಿ ಭಾರತವನ್ನು ಚುನಾವಣೆ ನಡೆಸುವ ನಿರಂಕುಶ ದೇಶ ಅಂತ ಕರೆದರು. ಅದೇ ವರ್ಷ ಅಮೆರಿಕದ ಫ್ರೀಡಂ ಹೌಸ್ "ಭಾಗಶಃ ಸ್ವತಂತ್ರ" ಅಂತು. ಇವೆಲ್ಲ ತಜ್ಞರು ಕೂತು ಹಾಕುವ ಅಂಕ. 2024ರಲ್ಲಿ ಏನಾಯಿತು ನೋಡಿ. 303 ಇದ್ದ ಪಕ್ಷ 240ಕ್ಕೆ ಇಳಿಯಿತು. ಸರ್ವಾಧಿಕಾರ ಇದ್ದ ಕಡೆ ಹೀಗೆ ಆಗುತ್ತಾ? ಜನ ಬೇಡ ಅಂದರೆ ಇಳಿಸುತ್ತಾರೆ. ನಮ್ಮ ರಾಜ್ಯದಲ್ಲಂತೂ ಪ್ರತಿ ಸಲ ಇಳಿಸುತ್ತಾರೆ.

ಕಡೂರು ಮೇಷ್ಟ್ರು (ನಿವೃತ್ತ)

ಚನ್ನರಾಯಪಟ್ಟಣದವರೇ, ಜನ ಇಳಿಸುತ್ತಾರೆ ಅನ್ನುವುದು ನಿಜ. ಆದರೆ ಜನ ಯಾವಾಗ, ಯಾಕೆ ಇಳಿಸುತ್ತಾರೆ ಅನ್ನುವುದು ಅಷ್ಟು ಸುಲಭವಲ್ಲ. ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಷ್ಟು ಚೆನ್ನಾಗಿ ಅದನ್ನು ತೋರಿಸುವ ಊರು ಬೇರೆ ಇಲ್ಲ. ಸ್ವಲ್ಪ ಉದ್ದ ಆಗುತ್ತೆ, ಓದಿ.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಆ ಹೊತ್ತಿಗೆ ಬೆಂಗಳೂರಿನಲ್ಲೇ ಇದ್ದರು, ಅಲ್ಲೇ ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದರು. ನಮ್ಮ ಹೊಳೆನರಸೀಪುರದ ದೇವೇಗೌಡರು ವಿಧಾನಸಭೆಯ ವಿರೋಧ ಪಕ್ಷದ ನಾಯಕರಾಗಿದ್ದವರು, ಅವರೂ ಅದೇ ಜೈಲಿನಲ್ಲಿದ್ದರು. ನಟಿ ಸ್ನೇಹಲತಾ ರೆಡ್ಡಿ ಅದೇ ಜೈಲಿನಲ್ಲಿ ಆಸ್ತಮಾದಿಂದ ನರಳಿ, ಹೊರಗೆ ಬಿಟ್ಟ ಕೆಲವೇ ದಿನಕ್ಕೆ 1977ರ ಜನವರಿಯಲ್ಲಿ ತೀರಿಕೊಂಡರು.

ಆದರೆ ಊರಲ್ಲಿ? ಊರಲ್ಲಿ ಬಸ್ಸು ಸರಿಯಾದ ಟೈಮಿಗೆ ಬರುತ್ತಿತ್ತು. ಆಫೀಸಿನಲ್ಲಿ ಗುಮಾಸ್ತರು ಕುರ್ಚಿಯಲ್ಲಿ ಇರುತ್ತಿದ್ದರು. ಅದಕ್ಕಿಂತ ದೊಡ್ಡದು, ದೇವರಾಜ ಅರಸು ಸರ್ಕಾರದ ಭೂ ಸುಧಾರಣೆ. 1974ರ ತಿದ್ದುಪಡಿ ಆಗಿತ್ತು, ಗೇಣಿ ಮಾಡುತ್ತಿದ್ದವರು ಫಾರಂ ನಂಬರ್ 7 ಹಾಕಿ ಭೂ ನ್ಯಾಯಮಂಡಳಿ ಮುಂದೆ ನಿಲ್ಲುತ್ತಿದ್ದರು. ತಲೆತಲಾಂತರದಿಂದ ಇನ್ನೊಬ್ಬರ ಗದ್ದೆ ಉತ್ತವನಿಗೆ ತನ್ನ ಹೆಸರಿನ ಪಹಣಿ ಸಿಗುವಾಗ, ಬೆಂಗಳೂರು ಜೈಲಿನಲ್ಲಿ ಯಾರಿದ್ದಾರೆ ಅಂತ ಅವನು ಯಾಕೆ ಕೇಳುತ್ತಾನೆ? ಅವನನ್ನು ನಾನು ಇವತ್ತಿಗೂ ದೂರುವುದಿಲ್ಲ.

ಹಾಗಾಗಿ 1977ರಲ್ಲಿ ಉತ್ತರ ಭಾರತದಲ್ಲಿ ಇಂದಿರಾ ಗಾಂಧಿಯವರೇ ಸೋತರು. ಕರ್ನಾಟಕದಲ್ಲಿ 28ರಲ್ಲಿ 26 ಕ್ಷೇತ್ರ ಕಾಂಗ್ರೆಸ್ಸಿಗೆ ಬಂತು. ಉಳಿದ ಎರಡರಲ್ಲಿ ಒಂದು ಹಾಸನ. ಇನ್ನೊಂದು ಬೆಂಗಳೂರು ದಕ್ಷಿಣ, ಅಲ್ಲಿ ಗೆದ್ದವರು ಕೆ.ಎಸ್. ಹೆಗ್ಡೆ. 1973ರಲ್ಲಿ ಸಂವಿಧಾನದ ಮೂಲ ರಚನೆ ಮುಟ್ಟುವ ಹಾಗಿಲ್ಲ ಅಂದ ಕೇಶವಾನಂದ ಭಾರತಿ ತೀರ್ಪಿನ ಬೆನ್ನಿಗೇ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ಬಿಟ್ಟು ನಾಲ್ಕನೆಯವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದ್ದರಲ್ಲ, ರಾಜೀನಾಮೆ ಕೊಟ್ಟ ಆ ಮೂವರಲ್ಲಿ ಇವರೊಬ್ಬರು. ಲೋಕಸಭೆಯ ಸ್ಪೀಕರ್ ಆದರು.

ಪಕ್ಕದ ಚಿಕ್ಕಮಗಳೂರು ಏನು ಮಾಡಿತು ನಿಮಗೆ ಗೊತ್ತು. ಅಲ್ಲಿನ ಸಂಸದ ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟರು. 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿ ಇಲ್ಲಿ ನಿಂತು ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು 70 ಸಾವಿರಕ್ಕೂ ಜಾಸ್ತಿ ಓಟಿನಿಂದ ಸೋಲಿಸಿದರು. ಜಾರ್ಜ್ ಫರ್ನಾಂಡಿಸ್ ಊರೂರು ತಿರುಗಿ ಭಾಷಣ ಮಾಡಿದರೂ ಆಗಲಿಲ್ಲ. ಡಿಸೆಂಬರಿನಲ್ಲಿ ಹೆಗ್ಡೆಯವರು ಸ್ಪೀಕರ್ ಆಗಿದ್ದ ಅದೇ ಲೋಕಸಭೆ ಇಂದಿರಾ ಗಾಂಧಿಯವರನ್ನು ಹೊರಹಾಕಿ ತಿಹಾರ್ ಜೈಲಿಗೆ ಕಳಿಸಿತು. ನಾವು ಓಟು ಹಾಕಿ ಕಳಿಸಿದವರನ್ನು ಸದನ ತನ್ನ ಬಹುಮತದಿಂದ ಓಡಿಸಿತು. ಅದೂ ಸರಿ ಅಂತ ನನಗೆ ಅನ್ನಿಸಲಿಲ್ಲ. ಅವರ ತುರ್ತು ಪರಿಸ್ಥಿತಿಯನ್ನು ವಿರೋಧಿಸಿದ್ದ ನನಗೂ ಅನ್ನಿಸಲಿಲ್ಲ.

ಆಲೂರಿನವರೇ, ನೀವು ಎತ್ತಿದ ವಿಷಯಕ್ಕೆ ಬರುತ್ತೇನೆ. 1983ರ ಪಂಚಾಯಿತಿ ಕಾಯ್ದೆ, 1987ರ ಜಿಲ್ಲಾ ಪರಿಷತ್ (ಈಗಿನ ಜಿಲ್ಲಾ ಪಂಚಾಯಿತಿ) ಚುನಾವಣೆ ನೆನಪಿದೆಯಾ? ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ನಜೀರ್ ಸಾಬ್ ಮಂತ್ರಿ. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ, ಹೆಂಗಸರಿಗೆ ನೂರಕ್ಕೆ 25 ಸೀಟು. ಜಿಲ್ಲೆಯ ದುಡ್ಡು ಜಿಲ್ಲೆಯಲ್ಲೇ ಖರ್ಚಾಗುವುದನ್ನು ನಾವು ಕಣ್ಣಾರೆ ಕಂಡೆವು. ನಮ್ಮ ಶಾಲೆಗೆ ಬೋರ್‌ವೆಲ್ ಬಂದದ್ದು ಆಗಲೇ. ಆ ಅವಧಿ 1992ಕ್ಕೆ ಮುಗಿದ ಮೇಲೆ ಮತ್ತೆ ಅಧಿಕಾರಿಗಳ ಕೈಗೆ ಹೋಯಿತು. ಜಿಲ್ಲಾ ಪಂಚಾಯಿತಿಗೆ ಚುನಾವಣೆ ಆಗಲು 1995 ಆಗಬೇಕಾಯಿತು. ಹೀಗೆ ಆಗಬಾರದು ಅಂತಲೇ 73ನೇ ತಿದ್ದುಪಡಿಯಲ್ಲಿ ಐದು ವರ್ಷದ ಗಡುವನ್ನು ಸಂವಿಧಾನದ ಒಳಗೇ ಬರೆದರು. ಬರೆದದ್ದನ್ನು ಓದುವವರೇ ಇಲ್ಲದಿದ್ದರೆ?

ಬೇಲೂರು ಟು ದುಬೈ

ಮೇಷ್ಟ್ರೇ, ಬಸ್ಸು ಟೈಮಿಗೆ ಬರುತ್ತಿತ್ತು ಅಂತ ನೀವೇ ಹೇಳಿದಿರಿ. ನನ್ನ ಪ್ರಶ್ನೆ ಅದೇ. ನಾನಿರುವ ಕಡೆ ಓಟಿಲ್ಲ, ಮೆರವಣಿಗೆ ಇಲ್ಲ. ರಸ್ತೆ ಇದೆ, ನೀರಿದೆ, ರಾತ್ರಿ ಹನ್ನೆರಡಕ್ಕೂ ಹೆಣ್ಣುಮಕ್ಕಳು ಒಬ್ಬರೇ ಓಡಾಡುತ್ತಾರೆ. ಊರಿಗೆ ಬಂದಾಗ ಒಂದು ಸರ್ವೆ ಸ್ಕೆಚ್‌ಗೆ ತಿಂಗಳುಗಟ್ಟಲೆ ಅಲೆಯುತ್ತೇನೆ. ತಾಲ್ಲೂಕು ಪಂಚಾಯಿತಿ ಸದಸ್ಯರು ಇದ್ದಾಗ ಏನು ಕಡಿದು ಕಟ್ಟೆ ಹಾಕಿದ್ದರು? ಕಾಮಗಾರಿಯಲ್ಲಿ ಕಮಿಷನ್, ಇಲ್ಲ ಅಂದರೆ ತಮ್ಮವರಿಗೇ ಟೆಂಡರ್. ಒಬ್ಬ ಒಳ್ಳೆ ಅಧಿಕಾರಿ ಇದ್ದರೆ ಸಾಕು ಅನ್ನುವವರು ನಮ್ಮೂರಲ್ಲಿ ತುಂಬ ಜನ ಇದ್ದಾರೆ. ಅವರೇನು ದಡ್ಡರಲ್ಲ.

ಮಾಜಿ ಸದಸ್ಯೆ, ಸಕಲೇಶಪುರ ಕಡೆ

ಅಣ್ಣ, ನೀವು ಕೇಳಿದ್ದಕ್ಕೆ ನಾನೇ ಉತ್ತರ ಹೇಳುತ್ತೇನೆ. 2016ರಲ್ಲಿ ಗೆದ್ದು ತಾಲ್ಲೂಕು ಪಂಚಾಯಿತಿಯಲ್ಲಿ ಕೂತವಳು ನಾನು. ಮಹಿಳಾ ಮೀಸಲು ಸೀಟು. ಮೊದಲ ಕೆಲವು ಸಭೆಗೆ ನಮ್ಮ ಮನೆಯವರೂ ಜೊತೆಗೆ ಬಂದರು. ಆಮೇಲೆ ನಾನೇ ಬೇಡ ಅಂದೆ.

ಸಾಮಾನ್ಯ ಸಭೆ ಹೇಗಿರುತ್ತೆ ಗೊತ್ತಾ? ಒಂದೊಂದು ಇಲಾಖೆಯವರು ಎದ್ದು ಪ್ರಗತಿ ಓದುತ್ತಾರೆ. ಕೃಷಿ, ಶಿಕ್ಷಣ, ಅಕ್ಷರ ದಾಸೋಹ, ಹಿಂದುಳಿದ ವರ್ಗದ ಮಕ್ಕಳ ಬಿಸಿಎಂ ಹಾಸ್ಟೆಲ್, ಅಂಗನವಾಡಿ. ಒಂದು ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ಬಚ್ಚಲಿನ ಬಾಗಿಲಿಗೆ ಚಿಲಕ ಇರಲಿಲ್ಲ. ಮಕ್ಕಳು ಒಬ್ಬಳು ಒಳಗೆ, ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲುತ್ತಿದ್ದರು. ಅದು ಯಾವ ವರದಿಯಲ್ಲೂ ಇರಲಿಲ್ಲ. ನಾನು ಸಭೆಯಲ್ಲಿ ಎದ್ದು ಕೇಳಿದೆ. ಅಧಿಕಾರಿ "ಪರಿಶೀಲಿಸುತ್ತೇವೆ" ಅಂದರು. ನಡಾವಳಿಯಲ್ಲಿ ಬರೆಸಿ ಅಂದೆ. ಮುಂದಿನ ಸಭೆಯಲ್ಲಿ ಮೊದಲು ಓದುವುದೇ ಅನುಪಾಲನಾ ವರದಿ. ಹಿಂದಿನ ಸಲ ಹೇಳಿದ್ದು ಏನಾಯಿತು ಅಂತ ಅವರು ಎಲ್ಲರ ಮುಂದೆ ಹೇಳಲೇಬೇಕು. ಚಿಲಕ ಬಂತು.

ಕಮಿಷನ್ ತಿಂದವರು ಇರಲಿಲ್ಲ ಅಂತ ನಾನು ಹೇಳಲ್ಲ, ಇದ್ದರು. ಆದರೆ ಈಗ ಕಮಿಷನ್ ನಿಂತಿದೆ ಅಂತ ನಿಮಗೆ ಯಾರು ಹೇಳಿದರು? ಈಗ ಯಾರು ತಿಂದರು ಅಂತ ಕೇಳುವ ಸಭೆಯೇ ಇಲ್ಲ. ಆಡಳಿತಾಧಿಕಾರಿಗೆ ಇನ್ನೂ ಹತ್ತು ಜವಾಬ್ದಾರಿ ಇರುತ್ತೆ. ಅವರು ಒಳ್ಳೆಯವರೇ ಇರಬಹುದು. ಆ ಹಾಸ್ಟೆಲ್ಲಿನ ಬಚ್ಚಲು ಅವರಿಗೆ ಹೇಗೆ ಗೊತ್ತಾಗಬೇಕು?

ಮೂಡಿಗೆರೆ ಕಾಫಿ

ಮೇಡಂ, ನೂರಕ್ಕೆ ನೂರು ನಿಜ. ಆನೆ ಹಾವಳಿ ವಿಷಯದಲ್ಲೂ ಇದೇ ಕಥೆ. ಮೊದಲು ಜಿಲ್ಲಾ ಪಂಚಾಯಿತಿ ಸಭೆಗೆ ಅರಣ್ಯ ಇಲಾಖೆಯವರನ್ನು ಕರೆಸಿ ಸದಸ್ಯರು ಗಲಾಟೆ ಮಾಡುತ್ತಿದ್ದರು, ಪೇಪರಿನಲ್ಲಿ ಬರುತ್ತಿತ್ತು. ಈಗ ಯಾರಾದರೂ ಸತ್ತ ಮೇಲೆ ರಸ್ತೆ ತಡೆ ಮಾಡಬೇಕು. ನಡುವೆ ಮಾತಾಡುವ ಜಾಗವೇ ಇಲ್ಲ.

ಮ್ಯೂನಿಕ್, ಊರು ಅರಸೀಕೆರೆ

ಆಲೂರು ಅಣ್ಣನ ಮಾತು ಓದಿ ಸುಮ್ನೆ ಇರಲಾಗಲಿಲ್ಲ. ನಾನಿರುವ ಊರಿನ ಚರಿತ್ರೆಯೇ ಇದು. ಹಿಟ್ಲರ್ ಅಂದರೆ ನಾವು ಓದುವುದು 1933ರ ಜನವರಿ 30, ಆಮೇಲೆ ಮಾರ್ಚ್ 23ರ ಕಾಯ್ದೆ. ಸಂಸತ್ತನ್ನು ಕೇಳದೆ ಸರ್ಕಾರವೇ ಕಾನೂನು ಮಾಡಬಹುದು ಅಂತ ಸಂಸತ್ತೇ ಓಟು ಹಾಕಿತು. ಪರವಾಗಿ 444, ವಿರುದ್ಧ 94. ವಿರೋಧಿಸಿದ್ದು ಸೋಷಿಯಲ್ ಡೆಮಾಕ್ರಟರು ಮಾತ್ರ. ಕಮ್ಯುನಿಸ್ಟರು ಆಗಲೇ ಜೈಲಲ್ಲಿದ್ದರು, ಇಲ್ಲ ತಲೆಮರೆಸಿಕೊಂಡಿದ್ದರು.

ಆದರೆ ಅದಕ್ಕೂ ಎರಡು ವಾರ ಮೊದಲೇ, ಮಾರ್ಚ್ 9ಕ್ಕೆ, ಬವೇರಿಯಾ ರಾಜ್ಯ ಸರ್ಕಾರದ ಮೇಲೆ ಬರ್ಲಿನ್ ನೇಮಿಸಿದ ಒಬ್ಬ ಕಮಿಷನರ್ ಬಂದು ಕೂತಿದ್ದ. ಮ್ಯೂನಿಕ್‌ನ ಮೇಯರ್ ಕಾರ್ಲ್ ಶಾರ್ನಾಗ್ಲ್ ಅಂತ. ಬೇಕರಿ ಕಸುಬಿನವರು. ಅದೇ ತಿಂಗಳು ಅವರನ್ನು ಇಳಿಸಿದರು. 1934ರ ಜನವರಿಯಲ್ಲಿ ರಾಜ್ಯಗಳ ವಿಧಾನಸಭೆಗಳೇ ರದ್ದು. 1935ರಲ್ಲಿ ಪುರಸಭೆ ಕಾನೂನು ತಂದು ಮೇಯರ್‌ಗಳನ್ನು ಮೇಲಿನಿಂದ ನೇಮಕ ಮಾಡತೊಡಗಿದರು. ಶಾರ್ನಾಗ್ಲ್ ಕೊನೆಗೆ ಡಾಖಾವ್ ಶಿಬಿರವನ್ನೂ ನೋಡಿ ಬಂದರು. 1945ರಲ್ಲಿ ಅಮೆರಿಕದ ಸೈನ್ಯ ಊರಿಗೆ ಬಂದಾಗ ಅವರನ್ನೇ ಹುಡುಕಿ ಮತ್ತೆ ಮೇಯರ್ ಮಾಡಿದರು.

ನಮ್ಮ ಜಿಲ್ಲಾ ಪಂಚಾಯಿತಿ ತಡವಾಗಿದ್ದಕ್ಕೂ ಇದಕ್ಕೂ ಸಮ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ಅಧಿಕಾರವೆಲ್ಲ ತನ್ನ ಕೈಯಲ್ಲೇ ಇರಬೇಕು ಅನ್ನುವವರು ಎಲ್ಲ ಕಡೆ ಸ್ಥಳೀಯ ಸಂಸ್ಥೆಗೆ ಬೇಗ ಕೈ ಹಾಕುತ್ತಾರೆ ಅನ್ನುವುದಷ್ಟೇ ನನ್ನ ಮಾತು. ಟರ್ಕಿಯಲ್ಲಿ 2016ರಿಂದ ಕುರ್ದ್ ಜನರಿರುವ ಊರುಗಳಲ್ಲಿ ಗೆದ್ದ ಹತ್ತಾರು ಮೇಯರ್‌ಗಳನ್ನು ತೆಗೆದು ಸರ್ಕಾರವೇ ಆಡಳಿತಾಧಿಕಾರಿಗಳನ್ನು ಕೂರಿಸಿತು. 2019ರಲ್ಲಿ ಇಸ್ತಾಂಬುಲ್ ಮೇಯರ್ ಚುನಾವಣೆಯಲ್ಲಿ ವಿರೋಧ ಪಕ್ಷದ ಇಮಾಮೊಗ್ಲು ಸುಮಾರು 13 ಸಾವಿರ ಓಟಿನಿಂದ ಗೆದ್ದಾಗ ಅದನ್ನೇ ರದ್ದು ಮಾಡಿದರು. ಮತ್ತೆ ಓಟು ಹಾಕಿಸಿದಾಗ ಜನ 8 ಲಕ್ಷದ ಅಂತರ ಕೊಟ್ಟರು. 2025ರ ಮಾರ್ಚ್‌ನಲ್ಲಿ ಅವರನ್ನು ಜೈಲಿಗೆ ಹಾಕಿದರು. ಹಂಗೇರಿಯಲ್ಲಿ ಇಷ್ಟು ಗದ್ದಲ ಇಲ್ಲ. 2019ರಲ್ಲಿ ಬುಡಾಪೆಸ್ಟ್ ನಗರ ವಿರೋಧ ಪಕ್ಷದ ಕೈಗೆ ಹೋಯಿತು. ಮರುವರ್ಷ ಕೊರೊನಾ ಹೆಸರಲ್ಲಿ ದೇಶದ ಎಲ್ಲ ಸ್ಥಳೀಯ ಸಂಸ್ಥೆಗಳ ವಾಹನ ತೆರಿಗೆಯನ್ನು ಕೇಂದ್ರ ತೆಗೆದುಕೊಂಡಿತು. ಗೆದ್ದವರು ಕುರ್ಚಿಯಲ್ಲಿ ಇರುತ್ತಾರೆ, ಕೈಯಲ್ಲಿ ದುಡ್ಡಿರಲ್ಲ.

ಲಾ ಓದುತ್ತಿರುವವಳು, ಹಾಸನ

ಚನ್ನರಾಯಪಟ್ಟಣ ಅಣ್ಣಾ, 2024ರ ಫಲಿತಾಂಶದ ಬಗ್ಗೆ ನೀವು ಹೇಳಿದ್ದು ಸರಿ. ಓಟಿಗೆ ಇನ್ನೂ ಬೆಲೆ ಇದೆ. ಆದರೆ ಐದು ವರ್ಷಕ್ಕೊಮ್ಮೆ ಓಟು ಹಾಕಿದ ಮೇಲೆ ನಡುವೆ ಪ್ರಶ್ನೆ ಕೇಳುವುದು ಯಾರು? 2018ರಿಂದ ಚುನಾವಣಾ ಬಾಂಡ್ ಇತ್ತು. ಯಾವ ಕಂಪನಿ ಯಾವ ಪಕ್ಷಕ್ಕೆ ಎಷ್ಟು ಕೊಟ್ಟಿತು ಅಂತ ನಮಗೆ ಗೊತ್ತಾಗಲು 2024ರ ಫೆಬ್ರವರಿ 15ಕ್ಕೆ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಬೇಕಾಯಿತು. 2023ರ ಡಿಸೆಂಬರ್‌ನಲ್ಲಿ ಸಂಸತ್ತಿನ ಎರಡೂ ಸದನದಿಂದ 146 ಸದಸ್ಯರು ಅಮಾನತು. ಅದೇ ಅಧಿವೇಶನದಲ್ಲಿ ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆಗಳ ಬದಲು ಬಂದ ಮೂರು ಹೊಸ ಕ್ರಿಮಿನಲ್ ಕಾನೂನು ಪಾಸಾದವು. ನಾವು ಪರೀಕ್ಷೆಗೆ ಓದುವ ಕಾನೂನು ಅದು. ಅಷ್ಟು ಜನ ವಿರೋಧ ಪಕ್ಷದವರು ಹೊರಗಿದ್ದಾಗ ಆದದ್ದು.

ಇಲ್ಲಿ ಬೆಂಗಳೂರಿನಲ್ಲೂ ಹಾಗೇ. 2025ರ ಮಾರ್ಚ್ 21ಕ್ಕೆ ವಿಧಾನಸಭೆಯಿಂದ 18 ಬಿಜೆಪಿ ಶಾಸಕರನ್ನು ಆರು ತಿಂಗಳು ಅಮಾನತು ಮಾಡಿದರು. ಅದೇ ದಿನ ಗದ್ದಲದ ನಡುವೆ ಶಾಸಕರ ಸಂಬಳ ಹೆಚ್ಚಿಸುವ ಮಸೂದೆಯೂ ಪಾಸಾಯಿತು. ಮೇ ತಿಂಗಳಲ್ಲಿ ಅಮಾನತು ವಾಪಸ್ ತೆಗೆದರು, ಅದು ಬೇರೆ ಮಾತು. ದೆಹಲಿಯಲ್ಲಿ ಆದರೆ ಪ್ರಜಾಪ್ರಭುತ್ವದ ಕೊಲೆ, ಬೆಂಗಳೂರಿನಲ್ಲಿ ಆದರೆ ಶಿಸ್ತು ಅನ್ನಲು ನನ್ನಿಂದ ಆಗಲ್ಲ. ತಿರುಗಿಸಿ ಹೇಳಲೂ ಆಗಲ್ಲ.

ಮೇಷ್ಟ್ರು ಬರೆದದ್ದಕ್ಕೆ ಒಂದು ಸೇರಿಸುತ್ತೇನೆ. 1976ರ ಏಪ್ರಿಲ್ 28ಕ್ಕೆ ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು, ತುರ್ತು ಪರಿಸ್ಥಿತಿಯಲ್ಲಿ ಒಬ್ಬನನ್ನು ಸುಮ್ಮಸುಮ್ಮನೆ ಜೈಲಿಗೆ ಹಾಕಿದರೂ ಅವನು ಕೋರ್ಟಿಗೆ ಬರುವ ಹಾಗಿಲ್ಲ ಅಂದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮರುವರ್ಷ ಜನವರಿಯಲ್ಲಿ ಅವರನ್ನು ಬಿಟ್ಟು ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಆ ತೀರ್ಪನ್ನು ಸುಪ್ರೀಂ ಕೋರ್ಟ್ ತಾನೇ ತಪ್ಪು ಅಂತ ಹೇಳಿದ್ದು 2017ರಲ್ಲಿ. ಆ 2017ರ ಖಾಸಗಿತನದ ಕೇಸು ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು. ನಡುವೆ 1978ರಲ್ಲಿ ಜನತಾ ಸರ್ಕಾರ 44ನೇ ತಿದ್ದುಪಡಿ ತಂದಿತು. ಈಗ ತುರ್ತು ಪರಿಸ್ಥಿತಿ ಹೇರಬೇಕಾದರೆ ಯುದ್ಧ, ಹೊರಗಿನ ದಾಳಿ ಅಥವಾ ಸಶಸ್ತ್ರ ದಂಗೆ ಆಗಿರಬೇಕು, ಮಂತ್ರಿಮಂಡಲ ಬರೆದು ಕೊಡಬೇಕು. ಬದುಕುವ ಹಕ್ಕನ್ನು ಆಗಲೂ ಅಮಾನತಿನಲ್ಲಿ ಇಡುವ ಹಾಗಿಲ್ಲ. 1975ರ ರೀತಿಯಲ್ಲಿ ರಾತ್ರೋರಾತ್ರಿ ಮತ್ತೆ ಆಗುವುದು ಕಷ್ಟ. ಆದರೆ ದಿನಾಂಕ ಮುಂದೆ ಹಾಕುತ್ತಾ ಹೋಗುವುದಕ್ಕೆ ಯಾವ ಘೋಷಣೆಯೂ ಬೇಕಿಲ್ಲ. ನನಗೆ ಜಾಸ್ತಿ ಭಯ ಅದೇ.

ಡಲ್ಲಾಸ್, ಊರು ಹಾಸನ

ನಾನು ಈ ವಿಷಯ ಓದುತ್ತೇನೆ, ಲೈಕ್ ಒತ್ತಲ್ಲ. ಯಾಕೆ ಅಂತ ಹೇಳುತ್ತೇನೆ. 2025ರ ಜೂನ್‌ನಿಂದ ಅಮೆರಿಕಕ್ಕೆ ಓದಲು ವೀಸಾ ಕೇಳುವವರು ತಮ್ಮ ಸೋಷಿಯಲ್ ಮೀಡಿಯಾ ಖಾತೆ ಎಲ್ಲರಿಗೂ ಕಾಣುವ ಹಾಗೆ ಇಡಬೇಕು. ನನ್ನ ತಂಗಿ ಎಂಎಸ್‌ಗೆ ಬರುವವಳು. ಒಂದು ಇಡೀ ಭಾನುವಾರ ಕೂತು ಹಳೆಯ ಪೋಸ್ಟ್‌ಗಳನ್ನು ಒಂದೊಂದಾಗಿ ಅಳಿಸಿದಳು. ಕಾಲೇಜಿನ ಮುಂದೆ ಬಸ್ ಬೇಕು ಅಂತ ಕೂತಿದ್ದ ಧರಣಿಯ ಫೋಟೋ ಕೂಡ. ಅದರಲ್ಲಿ ಏನೂ ಇರಲಿಲ್ಲ. ಅವಳಿಗೆ ಯಾರೂ ಅಳಿಸು ಅಂತ ಹೇಳಿರಲಿಲ್ಲ.

2021ರ ಜನವರಿ 6ರಂದು ಇಲ್ಲಿನ ಸಂಸತ್ ಭವನಕ್ಕೆ ಜನ ನುಗ್ಗಿದ್ದನ್ನು ಟಿವಿಯಲ್ಲಿ ನೋಡಿ ನಾವೆಲ್ಲ ಗಾಬರಿಯಾಗಿದ್ದೆವು. ಆವತ್ತು ಒಂದು ಗದ್ದಲ ಕಣ್ಣಿಗೆ ಕಾಣುತ್ತಿತ್ತು. ನನ್ನ ತಂಗಿ ತಾನಾಗಿ ಅಳಿಸಿದ್ದು ಯಾವ ಟಿವಿಯಲ್ಲೂ ಬರಲ್ಲ.

ಚನ್ನರಾಯಪಟ್ಟಣ

ಡಲ್ಲಾಸ್‌ನವರು ಬರೆದದ್ದು ಓದಿ ಬೇಜಾರಾಯಿತು. ನಾನು ಅಂಕ ಹಾಕುವ ವಿದೇಶಿ ಸಂಸ್ಥೆಗಳನ್ನು ಈಗಲೂ ನಂಬಲ್ಲ. ಆದರೆ ಭಯದಿಂದ ಸುಮ್ಮನಾಗುವುದು ನಮ್ಮಲ್ಲೂ ಇದೆ, ಅದಕ್ಕೆ ಪಕ್ಷ ಇಲ್ಲ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಸ್ಥಳೀಯ ನಾಯಕರೊಬ್ಬರ ಬಗ್ಗೆ ಒಂದು ಪ್ರಶ್ನೆ ಹಾಕಿದ ಹುಡುಗನಿಗೆ ಅವತ್ತೇ ರಾತ್ರಿ ಫೋನ್ ಬಂತು. ಅವನು ಗುಂಪು ಬಿಟ್ಟ. ಮನೆತನ ನೋಡಿ ಓಟು, ಮನೆತನ ನೋಡಿ ಬಾಯಿ ಮುಚ್ಚುವುದು. ಇದು ನಮ್ಮ ಜಿಲ್ಲೆಯ ಹಳೇ ರೋಗ.

ಕಡೂರು ಮೇಷ್ಟ್ರು (ನಿವೃತ್ತ)

ಅಂಬೇಡ್ಕರ್ 1949ರ ನವೆಂಬರ್ 25ರ ಭಾಷಣದಲ್ಲಿ ಇದನ್ನೇ ಹೇಳಿದ್ದರು. ಧರ್ಮದಲ್ಲಿ ಭಕ್ತಿ ಮುಕ್ತಿಗೆ ದಾರಿ ಆಗಬಹುದು, ರಾಜಕೀಯದಲ್ಲಿ ಭಕ್ತಿ ಕೊನೆಗೆ ಸರ್ವಾಧಿಕಾರಕ್ಕೇ ಕರೆದುಕೊಂಡು ಹೋಗುತ್ತೆ ಅಂತ. ಸಂವಿಧಾನ ಅಂಗೀಕಾರ ಆಗುವ ಹಿಂದಿನ ದಿನ.

ಬೇಲೂರು ಟು ದುಬೈ

ಅಕ್ಕ ಬರೆದ ಹಾಸ್ಟೆಲ್ ವಿಷಯ ತಲೆಯಲ್ಲೇ ಕೂತಿದೆ. ನನ್ನ ಅನುಭವ ಹೇಳುತ್ತೇನೆ. ಇಲ್ಲಿ ಒಮ್ಮೆ ನಮ್ಮ ಕಂಪನಿ ತಿಂಗಳುಗಟ್ಟಲೆ ಸಂಬಳ ಕೊಡಲಿಲ್ಲ. ಆನ್‌ಲೈನ್‌ನಲ್ಲಿ ದೂರು ಹಾಕಿದೆವು, ಕೊನೆಗೆ ದುಡ್ಡು ಬಂತು. ವ್ಯವಸ್ಥೆ ಕೆಲಸ ಮಾಡಿತು, ಅದನ್ನು ನಾನು ಮರೆಯಲ್ಲ. ಆದರೆ ದೂರು ಹಾಕುವ ಮೊದಲು ರೂಮಿನಲ್ಲಿ ನಾವೆಲ್ಲ ಪಿಸುಗುಟ್ಟಿದ್ದು ಒಂದೇ, ವೀಸಾ ಕ್ಯಾನ್ಸಲ್ ಆದರೆ? ಊರಿನಲ್ಲಿ ಬಿಡಿಒ ಆಫೀಸ್ ಮುಂದೆ ನಿಂತು ಕೂಗಾಡುವಾಗ ಆ ಯೋಚನೆ ನನಗೆ ಬಂದಿರಲಿಲ್ಲ. ಒಳ್ಳೆ ಆಡಳಿತ ಬೇಕು ಅನ್ನುವ ಮಾತಿನಿಂದ ನಾನು ಹಿಂದೆ ಸರಿಯಲ್ಲ. ಅದಕ್ಕೆ ಓಟು ಬೇಡ ಅನ್ನುವುದನ್ನು ಮಾತ್ರ ಇನ್ನೊಮ್ಮೆ ಯೋಚಿಸುತ್ತೇನೆ.

ಮೂಡಿಗೆರೆ ಕಾಫಿ

ಸರಿ, ಈಗ ಏನು ಮಾಡೋಣ? ಮಾತು ತುಂಬ ಆಯ್ತು.

ಲಾ ಓದುತ್ತಿರುವವಳು, ಹಾಸನ

ಆರ್‌ಟಿಐ ಹಾಕೋಣ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಬೇಡ. ಜಿಲ್ಲಾ ಪಂಚಾಯಿತಿಯ ಮಾಹಿತಿ ಅಧಿಕಾರಿಗೆ ಬರೆಯಬೇಕು. ನಾನು ಹೀಗೆ ಬರೆದಿದ್ದೇನೆ, ನೋಡಿ:

"2021ರಲ್ಲಿ ಚುನಾಯಿತ ಸದಸ್ಯರ ಅವಧಿ ಮುಗಿದ ನಂತರ ಆಡಳಿತಾಧಿಕಾರಿಗಳ ಅಧ್ಯಕ್ಷತೆಯಲ್ಲಿ ನಡೆದ ಎಲ್ಲ ಸಭೆಗಳ ದಿನಾಂಕ, ಹಾಜರಾತಿ, ನಡಾವಳಿ ಹಾಗೂ ಅನುಪಾಲನಾ ವರದಿಗಳ ದೃಢೀಕೃತ ಪ್ರತಿಗಳನ್ನು ಒದಗಿಸಬೇಕಾಗಿ ಕೋರುತ್ತೇನೆ."

30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮೊದಲ ಮೇಲ್ಮನವಿ. ಎಷ್ಟು ಸಭೆ ನಡೆದಿದೆ, ಎಷ್ಟು ನಿಮಿಷದಲ್ಲಿ ಮುಗಿದಿದೆ, ಯಾವ ಊರಿನ ಹೆಸರು ಬಂದಿದೆ ಅಂತ ಎಲ್ಲ ಅದರಲ್ಲೇ ಗೊತ್ತಾಗುತ್ತೆ. ಅದನ್ನು ಹಿಡಿದು ಗ್ರಾಮಸಭೆಯಲ್ಲಿ ಚುನಾವಣೆ ಬೇಕು ಅಂತ ನಿರ್ಣಯ ಬರೆಸೋಣ.

ಮಾಜಿ ಸದಸ್ಯೆ, ಸಕಲೇಶಪುರ ಕಡೆ

ನಿರ್ಣಯ ಬರೆಸುವಾಗ ಪಿಡಿಒ "ಚರ್ಚಿಸಲಾಯಿತು" ಅಂತ ಮಾತ್ರ ಬರೆದು ಬಿಡುತ್ತಾರೆ, ಹುಷಾರು. "ನಿರ್ಣಯಿಸಲಾಯಿತು" ಅಂತ ಬರೆದ ಮೇಲೆ ಓದಿಸಿಕೊಂಡು ಸಹಿ ಹಾಕಿ. ನಮ್ಮ ಪಂಚಾಯಿತಿಯದು ನಾನು ನೋಡಿಕೊಳ್ಳುತ್ತೇನೆ.

ಆಲೂರಿನವ

ಸೋಮವಾರ ಹಾಸನಕ್ಕೆ ಹೋಗುತ್ತಿದ್ದೇನೆ. ಅರ್ಜಿ ನಾನೇ ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ತರುತ್ತೇನೆ. ಚಿಕ್ಕಮಗಳೂರಿನದು ಯಾರು?

ಮೂಡಿಗೆರೆ ಕಾಫಿ

ನಾನು. ಬುಧವಾರ.

ಬೇಲೂರು ಟು ದುಬೈ

ಬೇಲೂರು ತಾಲ್ಲೂಕು ಪಂಚಾಯಿತಿಗೆ ನನ್ನ ತಮ್ಮ ಹಾಕುತ್ತಾನೆ, ಈಗಲೇ ಹೇಳಿದ್ದೇನೆ. ಅದೇ ಅರ್ಜಿಯಲ್ಲಿ ನಮ್ಮೂರ ಶಾಲೆ ರಿಪೇರಿ ದುಡ್ಡು ಏನಾಯಿತು ಅಂತಲೂ ಸೇರಿಸಬಹುದಾ?

ಲಾ ಓದುತ್ತಿರುವವಳು, ಹಾಸನ

ಬೇಡ ಅಣ್ಣಾ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದ ಒಳಗೆ. ಎರಡು ಸೇರಿಸಿದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ. ಶಾಲೆಯದು ಬೇರೆ ಅರ್ಜಿ ಮಾಡಿ, ಇನ್ನೊಂದು ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ತಗೊಳ್ಳಲು ಹೇಳಿ. ಶಾಲೆ ಹೆಸರು, ಯಾವ ವರ್ಷದ ಕ್ರಿಯಾಯೋಜನೆ ಅಂತ ನನಗೆ ಕಳಿಸಿದರೆ ರಾತ್ರಿಯೊಳಗೆ ಬರೆದು ಕೊಡುತ್ತೇನೆ.